ತುಮಕೂರಿನ ಒಣ ಗಾಳಿಯಲ್ಲಿ ಡೆಂಡ್ರೋಬಿಯಮ್ ಆರ್ಕಿಡ್: ಬೇರು ನೋಡಿ ನೀರು ಹಾಕಿ

ಆರ್ಕಿಡ್ ಗಿಡದ ಬೇರಿಗೆ ನೀರು ಹಾಕಿ ಎರಡು ನಿಮಿಷ ಅಲ್ಲೇ ನಿಂತು ನೋಡಿ. ಬೂದಿ ಬಣ್ಣದ ಬೇರು ನಿಧಾನವಾಗಿ ಹಸಿರಾಗುತ್ತದೆ. ಗಿಡ ನೀರು ಕುಡಿಯುತ್ತಿರುವುದು ಕಣ್ಣಿಗೇ ಕಾಣುತ್ತದೆ. ಇದನ್ನು ನಾನು ಗಮನಿಸಿದ್ದು ಮೂರು ಗಿಡ ಕಳೆದುಕೊಂಡ ಮೇಲೆ.

ನಮ್ಮದು ಕ್ಯಾತ್ಸಂದ್ರದಲ್ಲಿ ತಾರಸಿ ಮನೆ. ಆ ಮೂರೂ ಗಿಡ ಏಪ್ರಿಲ್ ಬಿಸಿಲಿಗೆ ಸತ್ತವು ಎಂದುಕೊಂಡಿದ್ದೆ. ಕುಂಡ ಬಿಚ್ಚಿ ನೋಡಿದರೆ ಬೇರೆಲ್ಲ ಕಪ್ಪಾಗಿ ಕೊಳೆತಿದ್ದವು. ಒತ್ತಿದರೆ ಮೇಲಿನ ಪದರ ಕಳಚಿ, ಒಳಗಿನ ದಾರದಂಥ ಎಳೆ ಮಾತ್ರ ಕೈಗೆ ಬರುತ್ತಿತ್ತು. ಕುಂಡದ ಅಂಚಿಗೆ ಬಿಳಿ ಉಪ್ಪು ಕಟ್ಟಿತ್ತು. ಗಿಡ ಬಾಡಿದೆ ಅಂತ ನಾನು ದಿನಾ ಮೂರು ಹೊತ್ತು ಬೋರ್‌ವೆಲ್ ನೀರು ಸುರಿದಿದ್ದೆ. ಸಾಯಿಸಿದ್ದು ಬಿಸಿಲಲ್ಲ, ನೀರು.

ನಮ್ಮ ಜಿಲ್ಲೆಯಲ್ಲಿ ಆರ್ಕಿಡ್ ಬೆಳೆಸುವವರು ಮೊದಲು ಗೆಲ್ಲಬೇಕಾದ್ದು ಈ ನೀರಿನ ವಿಷಯದಲ್ಲೇ. ಆದ್ದರಿಂದ ಕೆಳಗೆ ನೀರಿಗೇ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಯಾವ ಗಿಡ ತರಬೇಕು

ಡೆಂಡ್ರೋಬಿಯಮ್ ದೊಡ್ಡ ಕುಲ. ಅದರಲ್ಲಿ ಸಾವಿರಕ್ಕೂ ಹೆಚ್ಚು ಜಾತಿಗಳಿವೆ. ನಮಗೆ ಬೇಕಾದ್ದು ಫೆಲನಾಪ್ಸಿಸ್ ಮಾದರಿಯ ಡೆಂಡ್ರೋಬಿಯಮ್, ಅಂದರೆ ಫೆಲನಾಪ್ಸಿಸ್ ಎಂಬ ಇನ್ನೊಂದು ಆರ್ಕಿಡ್ಡನ್ನು ಹೋಲುವ ಹೂ ಬಿಡುವಂಥದ್ದು. ಇದರ ಮೂಲ ಜಾತಿಗಳು ಉತ್ತರ ಆಸ್ಟ್ರೇಲಿಯಾ, ನ್ಯೂಗಿನಿ ಕಡೆಯವು. ಬೆಚ್ಚಗಿನ, ತೇವದ ಗಾಳಿಯಲ್ಲಿ ಮರದ ಮೇಲೆ, ಬಂಡೆಯ ಮೇಲೆ ಬೆಳೆಯುವಂಥವು. ಥಾಯ್ಲೆಂಡಿನವರು ಇವುಗಳ ಮಿಶ್ರತಳಿಗಳನ್ನು ಹೊಲದಲ್ಲಿ ಬೆಳೆದ ಹಾಗೆ ಬೆಳೆಯುತ್ತಾರೆ. ಮದುವೆ ಮಂಟಪದ ಅಲಂಕಾರದಲ್ಲಿ ನೇರಳೆ-ಬಿಳಿ ಬಣ್ಣದ ಉದ್ದನೆಯ ಹೂಕಡ್ಡಿ ನೋಡಿರುತ್ತೀರಲ್ಲ, ಅದು ಹೆಚ್ಚಾಗಿ ಸೋನಿಯಾ ಎಂಬ ತಳಿ. ಮೊದಲ ಸಲ ಬೆಳೆಸುವವರು ಅದನ್ನೇ ತನ್ನಿ. ಸಣ್ಣಪುಟ್ಟ ತಪ್ಪಿಗೆಲ್ಲ ಸಾಯುವ ಗಿಡವಲ್ಲ.

ನೊಬಿಲೆ ಮಾದರಿಯ ಡೆಂಡ್ರೋಬಿಯಮ್ ಕೂಡ ಅಂಗಡಿಯಲ್ಲಿ ಸಿಗುತ್ತದೆ. ಅದಕ್ಕೆ ಕೋಲಿನ (ಬುಡದಿಂದ ಮೇಲೇಳುವ ದಪ್ಪ ಕಾಂಡದ) ಉದ್ದಕ್ಕೂ ಗೆಣ್ಣುಗಳಲ್ಲಿ ಹೂ ಬರುತ್ತದೆ. ಆದರೆ ಮೊಗ್ಗು ಬಿಡಲು ಅದಕ್ಕೆ ವಾರಗಟ್ಟಲೆ ತಣ್ಣನೆಯ ರಾತ್ರಿ ಬೇಕು. ಇಲ್ಲಿ ಅದನ್ನು ನಂಬಿಕೊಳ್ಳಬೇಡಿ.

ಕೊಳ್ಳುವಾಗ ಹೂ ನೋಡಿ ಮರುಳಾಗಬೇಡಿ. ಕುಂಡದ ತೂತಿನಲ್ಲಿ ಬೇರು ನೋಡಿ. ಬೆಳ್ಳಗೆ ಇಲ್ಲವೇ ಬೂದಿ ಬಣ್ಣದಲ್ಲಿ ಗಟ್ಟಿಯಾಗಿರಬೇಕು, ತುದಿ ಹಸಿರಾಗಿರಬೇಕು. ಕಡೇ ಪಕ್ಷ ಮೂರು ಕೋಲು ಇರಬೇಕು, ಬುಡದಲ್ಲಿ ಹೊಸ ಮೊಳಕೆ ಇದ್ದರೆ ಇನ್ನೂ ಒಳ್ಳೆಯದು. ಎಲೆಯ ಹಿಂದೆ ಬಿಳಿ ಹತ್ತಿಯಂಥದ್ದು ಕಂಡರೆ ಆ ಗಿಡ ಬೇಡ.

ಆನ್‌ಲೈನ್‌ನಲ್ಲಿ ಆರ್ಕಿಡ್ ಬೀಜ ಅಂತ ಮಾರುತ್ತಾರೆ. ದಯವಿಟ್ಟು ದುಡ್ಡು ಹಾಕಬೇಡಿ. ಆರ್ಕಿಡ್ ಬೀಜ ಧೂಳಿನಷ್ಟು ಸಣ್ಣದು. ಅದರೊಳಗೆ ಮೊಳಕೆಗೆ ಬೇಕಾದ ಆಹಾರವೇ ಇರುವುದಿಲ್ಲ. ಕಾಡಿನಲ್ಲಿ ಒಂದು ಬಗೆಯ ಶಿಲೀಂಧ್ರದ ಸಹಾಯದಿಂದ, ಲ್ಯಾಬ್‌ನಲ್ಲಿ ಸೀಸೆಯೊಳಗೆ ಮಾತ್ರ ಅದು ಮೊಳೆಯುತ್ತದೆ. ಕುಂಡದಲ್ಲಿ ಉದುರಿಸಿದರೆ ಏನೂ ಬರುವುದಿಲ್ಲ.

ಇನ್ನೊಂದು ಮಾತು. ಕಾಡಿನ ಮರದ ಮೇಲಿರುವ ಆರ್ಕಿಡ್ ಕಂಡರೆ ಕೀಳಬೇಡಿ. ಒಂದು ಗಿಡ ಬೀಜದಿಂದ ಹೂವಿಗೆ ಬರಲು ಎಷ್ಟೋ ವರ್ಷ ಬೇಕು. ನಮ್ಮ ಮನೆಗೆ ತಂದರೆ ಅವು ಉಳಿಯುವುದೂ ಕಷ್ಟ. ದುರ್ಬೀನು ಹಿಡಿದು ನೋಡಿ, ಫೋಟೋ ತೆಗೆಯಿರಿ, ಅಲ್ಲೇ ಬಿಟ್ಟು ಬನ್ನಿ.

ಕುಂಡದೊಳಗೆ ಮಣ್ಣು ಬೇಡ

ನಾನು ಮೊದಲ ಗಿಡವನ್ನು ತಾರಸಿಯಲ್ಲಿ ತೂಗುಹಾಕಿದಾಗ ಅತ್ತೆ ಕೇಳಿದರು, "ಮಾವಿನ ಮರದ ಬಂದಳಿಕೆ ತಂದು ಕಟ್ಟಿದೀಯಲ್ಲಮ್ಮ, ಬೇರೆ ಗಿಡಕ್ಕೆಲ್ಲ ಹತ್ತಿಕೊಂಡರೆ?" ಈ ಭಯ ತುಂಬ ಜನಕ್ಕಿದೆ. ಬಂದಳಿಕೆ ಮರದೊಳಕ್ಕೆ ಬೇರಿಳಿಸಿ ಅದರ ರಸ ಹೀರುತ್ತದೆ. ಆರ್ಕಿಡ್ ಹಾಗಲ್ಲ. ಅದು ತೊಗಟೆಯನ್ನು ಹಿಡಿದು ಕೂರುತ್ತದೆ, ಅಷ್ಟೇ. ಮರದಿಂದ ಒಂದು ಹನಿಯನ್ನೂ ತೆಗೆದುಕೊಳ್ಳುವುದಿಲ್ಲ. ಮಳೆ, ಮಂಜು, ತೊಗಟೆಯ ಸಂದಿನ ಕಸ, ಇದರಲ್ಲೇ ಬದುಕುತ್ತದೆ.

ಹಾಗೆ ಬದುಕುವುದಕ್ಕೇ ಅದರ ಬೇರಿನ ಮೇಲೆ ಸ್ಪಂಜಿನಂಥ ಪದರ ಇದೆ. ಅದಕ್ಕೆ ವೆಲಮೆನ್ ಎನ್ನುತ್ತಾರೆ. ಒಣಗಿದಾಗ ಅದರ ಸಣ್ಣ ಸಣ್ಣ ಕೋಣೆಗಳಲ್ಲಿ ಗಾಳಿ ತುಂಬಿ ಬೆಳ್ಳಗೆ ಕಾಣುತ್ತದೆ. ನೀರು ತುಂಬಿದಾಗ ಪಾರದರ್ಶಕವಾಗಿ ಒಳಗಿನ ಹಸಿರು ತೋರುತ್ತದೆ. ಬೇರು ಚೆನ್ನಾಗಿ ನೆನೆಯಬೇಕು, ಆಮೇಲೆ ಗಾಳಿಗೆ ಒಣಗಬೇಕು. ಈ ಎರಡೂ ಆಗುತ್ತಿರಬೇಕು. ಮಣ್ಣಿನಲ್ಲಿ ಹೂತರೆ ಒಣಗುವುದೇ ಇಲ್ಲ, ಉಸಿರು ಕಟ್ಟಿ ಕೊಳೆಯುತ್ತದೆ.

ಮಣ್ಣಿನ ಬದಲು ಏನು ಹಾಕಬೇಕು? ತೆಂಗಿನ ಜಿಲ್ಲೆಯಲ್ಲಿದ್ದುಕೊಂಡು ಇದಕ್ಕೆ ಚಿಂತೆ ಬೇಡ. ತಿಪಟೂರು, ಗುಬ್ಬಿ, ತುರುವೇಕೆರೆ ಕಡೆ ಕಾಯಿ ಸುಲಿದ ಮಟ್ಟೆ ರಾಶಿ ರಾಶಿ ಬಿದ್ದಿರುತ್ತದೆ. ಥಾಯ್ಲೆಂಡಿನ ತೋಟಗಳಲ್ಲೂ ಡೆಂಡ್ರೋಬಿಯಮ್ ಬೆಳೆಯಲು ಇದನ್ನೇ ಬಳಸುತ್ತಾರೆ. ಆದರೆ ಹಾಗೇ ತಂದು ತುಂಬಬಾರದು. ಹಸಿ ಮಟ್ಟೆಯಲ್ಲಿ ಉಪ್ಪು, ಒಗರು ಎರಡೂ ಇರುತ್ತವೆ. ಮೊದಲು ಒಂದೂವರೆ ಇಂಚಿನ ತುಂಡು ಮಾಡಿ. ಬಕೆಟ್‌ನಲ್ಲಿ ನೀರು ತುಂಬಿ, ಮೇಲೆ ಕಲ್ಲಿಟ್ಟು ಮುಳುಗಿಸಿಡಿ. ದಿನಕ್ಕೊಮ್ಮೆ ನೀರು ಬದಲಿಸಿ. ಮೊದಲ ದಿನ ನೀರು ಕಡು ಟೀ ಡಿಕಾಕ್ಷನ್ ಥರ ಆಗುತ್ತದೆ. ಐದಾರು ದಿನಕ್ಕೆ ತಿಳಿಯಾಗುತ್ತದೆ. ಅಲ್ಲಿಯವರೆಗೆ ತಾಳ್ಮೆ ಇರಲಿ.

ನಾನು ಅರ್ಧ ಇದ್ದಿಲು, ಅರ್ಧ ಮಟ್ಟೆ ಹಾಕುತ್ತೇನೆ. ಬರೀ ಇದ್ದಿಲು ನಮ್ಮ ಒಣ ಗಾಳಿಗೆ ಬೇಗ ಒಣಗಿಬಿಡುತ್ತದೆ. ಬರೀ ಮಟ್ಟೆ ಹಿಂಗಾರು ಮಳೆಯಲ್ಲಿ ಒದ್ದೆಯಾಗೇ ಉಳಿಯುತ್ತದೆ. ಇದ್ದಿಲು ಕಟ್ಟಿಗೆಯದೇ ಆಗಬೇಕು, ದೊಡ್ಡ ನೆಲ್ಲಿಕಾಯಿ ಗಾತ್ರದ ತುಂಡು ಸಾಕು. ಪುಡಿ ಜರಡಿ ಹಿಡಿದು ತೆಗೆದುಬಿಡಿ. ಕೆಲವರು ಇಟ್ಟಿಗೆ ಚೂರು ಹಾಕುತ್ತಾರೆ. ಗಡಸು ನೀರಿನ ಊರಲ್ಲಿ ಇಟ್ಟಿಗೆ ಉಪ್ಪನ್ನು ಹೀರಿಟ್ಟುಕೊಳ್ಳುತ್ತದೆ, ಅದಕ್ಕೆ ನಾನು ಬಿಟ್ಟಿದ್ದೇನೆ.

ಕುಂಡ ಸಣ್ಣದಿರಬೇಕು. ನಾಲ್ಕೈದು ಕೋಲಿನ ಗಿಡಕ್ಕೆ ನಾಲ್ಕರಿಂದ ಐದು ಇಂಚು ಸಾಕು. ಪಕ್ಕದಲ್ಲೂ ತೂತಿರುವ ಮಣ್ಣಿನ ಕುಂಡವಾದರೆ ಒಳ್ಳೆಯದು, ತೂತಿನ ಪ್ಲಾಸ್ಟಿಕ್ ಕುಂಡವೂ ನಡೆಯುತ್ತದೆ. "ಗಿಡ ದೊಡ್ಡದಾಗಲಿ" ಅಂತ ದೊಡ್ಡ ಕುಂಡ ಕೊಟ್ಟರೆ ನಡುಭಾಗ ಒಣಗುವುದಿಲ್ಲ.

ನೆಡುವಾಗ ಗಿಡದ ಹಳೆಯ ಕೋಲುಗಳು ಕುಂಡದ ಅಂಚಿಗೆ ಬರಲಿ, ಹೊಸ ಮೊಳಕೆ ನಡುವಿನ ಕಡೆ ಮುಖ ಮಾಡಲಿ. ಮುಂದಿನ ಕೋಲುಗಳು ಬೆಳೆಯಲು ಜಾಗ ಸಿಗುತ್ತದೆ. ಬೇರನ್ನು ಒಂದು ಗಂಟೆ ನೀರಲ್ಲಿ ನೆನೆಸಿದರೆ ಮೆತ್ತಗಾಗಿ ಮುರಿಯದೆ ಬಗ್ಗುತ್ತದೆ. ಕೊಳೆತದ್ದನ್ನು ಕತ್ತರಿಸಿ. ಸುತ್ತ ಮಟ್ಟೆ, ಇದ್ದಿಲು ತುಂಬಿ. ಬುಡ ಮಾತ್ರ ಮೇಲೇ ಕಾಣುತ್ತಿರಬೇಕು. ಹೂತರೆ ಹೊಸ ಮೊಳಕೆ ಕೊಳೆಯುತ್ತದೆ. ಗಿಡ ಅಲ್ಲಾಡದ ಹಾಗೆ ಕೋಲುಗಳನ್ನು ಒಂದು ಕಡ್ಡಿಗೆ ಕಟ್ಟಿ. ಗಿಡ ಅಲ್ಲಾಡುತ್ತಿದ್ದರೆ ಹೊಸ ಬೇರಿನ ತುದಿ ತಿಕ್ಕಿ ಸವೆದು ಅಲ್ಲೇ ನಿಲ್ಲುತ್ತದೆ. ನೆಟ್ಟ ಮೇಲೆ ನಾಲ್ಕೈದು ದಿನ ನೆರಳಲ್ಲಿಟ್ಟು, ನೀರು ಹಾಕದೆ, ಎಲೆಗೆ ಮಾತ್ರ ಚಿಮುಕಿಸಿ. ಗಾಯ ಆರಲಿ.

ನೆಡುವುದಕ್ಕೆ ನನ್ನ ಲೆಕ್ಕದಲ್ಲಿ ಸರಿಯಾದ ಕಾಲ ಶಿವರಾತ್ರಿ ಹೊತ್ತಿನ ಸಿದ್ಧಗಂಗೆ ಜಾತ್ರೆ ಮುಗಿದ ಮೇಲೆ, ಹೊಸ ಮೊಳಕೆಯ ಬುಡದಲ್ಲಿ ಬೇರಿನ ಮೊನೆ ಕಾಣುವಾಗ. ಹೂ ಇರುವಾಗ ಕುಂಡ ಬದಲಿಸಬೇಡಿ.

ನೀರು

ಮೊದಲು ನಿಮ್ಮ ಮನೆಯ ನೀರಿನ ಟಿಡಿಎಸ್ ನೋಡಿ, ಅಂದರೆ ಒಂದು ಲೀಟರ್ ನೀರಿನಲ್ಲಿ ಎಷ್ಟು ಮಿಲಿಗ್ರಾಂ ಉಪ್ಪು, ಖನಿಜ ಕರಗಿದೆ ಎಂಬ ಲೆಕ್ಕ. ಪೆನ್ನಿನಂಥ ಮೀಟರು ಕಡಿಮೆ ಬೆಲೆಗೆ ಸಿಗುತ್ತದೆ. ಆರ್ಕಿಡ್‌ಗೆ 200ರ ಒಳಗಿದ್ದರೆ ಚೆನ್ನ. ನಮ್ಮ ಬೋರ್‌ವೆಲ್ ನೀರು 780 ತೋರಿಸಿತು. ಪಾವಗಡ, ಮಧುಗಿರಿ, ಶಿರಾ ಕಡೆಯವರು ಪರೀಕ್ಷೆ ಮಾಡದೆ ಒಂದು ಹನಿಯನ್ನೂ ಹಾಕಬೇಡಿ. ನಗರದಲ್ಲಿ ಹೇಮಾವತಿ ನೀರು ಬರುವ ಮನೆಯವರಿಗೆ ಇಷ್ಟು ಕಷ್ಟವಿಲ್ಲ.

ಗಡಸು ನೀರಿನಿಂದ ಏನಾಗುತ್ತದೆ ಗೊತ್ತಾ? ನೀರು ಆರಿಹೋಗುತ್ತದೆ, ಉಪ್ಪು ಉಳಿಯುತ್ತದೆ. ದಿನಾ ಸ್ವಲ್ಪ ಸ್ವಲ್ಪ ಸೇರಿ ಮಟ್ಟೆಯಲ್ಲಿ, ಬೇರಿನ ಪದರದಲ್ಲಿ ಕೂರುತ್ತದೆ. ಬೇರಿನ ತುದಿ ಸುಟ್ಟ ಹಾಗೆ ಕಪ್ಪಾಗುತ್ತದೆ. ಎಲೆಯ ತುದಿ ಒಣಗುತ್ತದೆ. ನಮಗೆ ಗಿಡ ಬಾಡಿದಂತೆ ಕಾಣುತ್ತದೆ, ಇನ್ನಷ್ಟು ನೀರು ಹಾಕುತ್ತೇವೆ, ಇನ್ನಷ್ಟು ಉಪ್ಪು ಸೇರುತ್ತದೆ. ನೀರನ್ನು ರಾತ್ರಿ ತೆರೆದಿಟ್ಟು ಬೆಳಿಗ್ಗೆ ಹಾಕಿದರೆ ಸರಿಹೋಗುತ್ತದೆ ಎಂದು ಹೇಳುವವರಿದ್ದಾರೆ. ಅದರಿಂದ ಕ್ಲೋರಿನ್ ಸ್ವಲ್ಪ ಹೋಗುತ್ತದೆ, ಗಡಸುತನ ಹೋಗುವುದಿಲ್ಲ. ಆರ್‌ಓ ಯಂತ್ರದಿಂದ ಹೊರಗೆ ಹೋಗುವ ನೀರನ್ನು ಗಿಡಕ್ಕೆ ಹಾಕುವ ಅಭ್ಯಾಸ ನಮ್ಮಲ್ಲಿ ಬಹಳ. ಅದು ಬೋರ್‌ವೆಲ್ ನೀರಿಗಿಂತಲೂ ಉಪ್ಪು. ಆರ್ಕಿಡ್ ಹತ್ತಿರ ಅದನ್ನು ತರಲೇಬೇಡಿ.

ದಾರಿ ಒಂದೇ, ಮಳೆ ನೀರು. 10 ಅಡಿ ಉದ್ದ, 10 ಅಡಿ ಅಗಲದ ಛಾವಣಿಗೆ 10 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 90 ಲೀಟರ್ ನೀರು. ಅಂದರೆ ಹಸ್ತ, ಚಿತ್ತ ಮಳೆಯ ಎರಡು ಒಳ್ಳೆಯ ಸಂಜೆಗೆ 200 ಲೀಟರಿನ ಡ್ರಮ್ಮು ತುಂಬಿಬಿಡುತ್ತದೆ. ಮೊದಲ ಹತ್ತು ನಿಮಿಷದ ನೀರು ಬಿಟ್ಟು, ಆಮೇಲಿನದನ್ನು ಬಟ್ಟೆ ಸೋಸಿ ಹಿಡಿಯಿರಿ. ಮುಚ್ಚಳ ಗಟ್ಟಿಯಾಗಿರಲಿ. ಸೊಳ್ಳೆ ಮೊಟ್ಟೆಯಿಡಲು ಬಿಡಬಾರದು, ಬೆಳಕೂ ಬೀಳಬಾರದು. ನನ್ನ ಹತ್ತಿರ ಮೂರು ಡ್ರಮ್ಮು ಇವೆ. ಬೇಸಿಗೆಯಲ್ಲಿ ಅರ್ಧ ಮಳೆ ನೀರು, ಅರ್ಧ ಬೋರ್‌ವೆಲ್ ನೀರು ಬೆರೆಸುತ್ತೇನೆ. ಟಿಡಿಎಸ್ 400ರ ಹತ್ತಿರ ಇಳಿಯುತ್ತದೆ. ತೀರಾ ಒಳ್ಳೆಯದಲ್ಲ, ಆದರೂ ಗಿಡ ತಡೆದುಕೊಳ್ಳುತ್ತದೆ. ತಿಂಗಳಿಗೊಮ್ಮೆ ಮಾತ್ರ ಬರೀ ಮಳೆ ನೀರನ್ನು ಒಂದೊಂದು ಕುಂಡಕ್ಕೂ ಧಾರಾಳವಾಗಿ ಸುರಿದು ಉಪ್ಪನ್ನು ತೊಳೆಯುತ್ತೇನೆ. ಒಂದು ಲೀಟರಾದರೂ ಕೆಳಗೆ ಹರಿದುಹೋಗಬೇಕು.

ಹಾಕುವ ಕ್ರಮ ಹೀಗೆ. ಬೆಳಿಗ್ಗೆ ಏಳರಿಂದ ಎಂಟರೊಳಗೆ, ಶವರ್ ಮೂತಿಯ ಪಾತ್ರೆಯಲ್ಲಿ ಒಂದು ಸುತ್ತು ಹಾಕಿ. ಒಣಗಿದ ಬೇರು ಮೊದಲ ನೀರನ್ನು ಜಾರಿಸಿಬಿಡುತ್ತದೆ. ಐದು ನಿಮಿಷ ಬಿಡಿ. ಬೇರು ಅಲ್ಲಲ್ಲಿ ಹಸಿರಾಗುತ್ತದೆ. ಆಗ ಎರಡನೇ ಸುತ್ತು ಹಾಕಿ. ಈಗ ಪೂರ್ತಿ ಹಸಿರಾಗುತ್ತದೆ. ಅಲ್ಲಿಗೆ ಸಾಕು. ಮತ್ತೆ ಹಾಕುವುದು ಬೇರು ಬೂದಿ ಬಣ್ಣಕ್ಕೆ ತಿರುಗಿದ ಮೇಲೆ. ಕುಂಡದೊಳಗಿನ ಬೇರು ಕಾಣದಿದ್ದರೆ ಕುಂಡ ಎತ್ತಿ ನೋಡಿ. ನೀರು ಹಾಕಿದಾಗಿನ ಭಾರ, ಒಣಗಿದಾಗಿನ ಹಗುರ, ಒಂದು ವಾರಕ್ಕೆ ಕೈಗೆ ತಾನೇ ಗೊತ್ತಾಗುತ್ತದೆ.

ಮಾರ್ಚ್‌ನಿಂದ ಮೇವರೆಗೆ ನಮ್ಮಲ್ಲಿ ದಿನಾ ಬೆಳಿಗ್ಗೆ ಬೇಕಾಗುತ್ತದೆ. ತೂಗುಹಾಕಿದ ಗಿಡಕ್ಕೆ ಸಂಜೆ ನಾಲ್ಕಕ್ಕೆ ಇನ್ನೊಮ್ಮೆ. ಜೂನ್, ಜುಲೈನಲ್ಲಿ ಇಲ್ಲಿ ಮೋಡ, ಗಾಳಿ ಜಾಸ್ತಿ, ಮಳೆ ಕಡಿಮೆ. ದಿನ ಬಿಟ್ಟು ದಿನ ಸಾಕು. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಜೋರು ಮಳೆ ಹಿಡಿದುಕೊಂಡರೆ ಮೇಲೆ ಪ್ಲಾಸ್ಟಿಕ್ ಹಾಳೆ ಕಟ್ಟಿ. ಒಂದೆರಡು ಮಳೆಯಲ್ಲಿ ನೆನೆದರೆ ಗಿಡಕ್ಕೆ ಹಬ್ಬ. ಒಂದೇ ಸಮ ನಾಲ್ಕು ದಿನ ನೆನೆದರೆ ಕೊಳೆ ರೋಗ ಬರುತ್ತದೆ. ಡಿಸೆಂಬರ್, ಜನವರಿಯಲ್ಲಿ ಮೂರು ದಿನಕ್ಕೊಮ್ಮೆ, ಅದೂ ಬಿಸಿಲು ಬಂದ ಮೇಲೆ. ರಾತ್ರಿ ಹೊತ್ತು ಬುಡ, ಎಲೆಯ ಸಂದು ಒದ್ದೆ ಇರಬಾರದು. ಇದು ವರ್ಷವಿಡೀ ಪಾಲಿಸಬೇಕಾದ ಮಾತು.

ಜಾಗ, ಬೆಳಕು, ಗಾಳಿ

ತುಮಕೂರು ಸಮುದ್ರ ಮಟ್ಟದಿಂದ 800 ಮೀಟರಿಗಿಂತ ಎತ್ತರದಲ್ಲಿದೆ. ಶೆಖೆ ಕರಾವಳಿಯಷ್ಟಿಲ್ಲ. ಆದರೆ ಬಿಸಿಲು ಚುರುಕು, ಗಾಳಿ ಒಣ. ಗಿಡಕ್ಕೆ ಹಗಲು 24ರಿಂದ 32 ಡಿಗ್ರಿ ಇಷ್ಟ, ರಾತ್ರಿ 15ಕ್ಕಿಂತ ಕೆಳಗೆ ಹೋಗಬಾರದು. ಜನವರಿಯ ತೀರಾ ಚಳಿಯ ರಾತ್ರಿಗಳಲ್ಲಿ ಗೋಡೆ ಪಕ್ಕಕ್ಕೆ ಸರಿಸಿಡಿ. ಹಳೆಯ ಕೋಲಿನ ಎಲೆ ಹಳದಿಯಾಗಿ ಉದುರಿದರೆ ಗಾಬರಿ ಬೇಡ. ಆ ಕೋಲನ್ನು ಕತ್ತರಿಸಲೂ ಬೇಡಿ. ಅದು ಗಿಡದ ಉಗ್ರಾಣ. ನೀರು, ಆಹಾರ ಅದರಲ್ಲಿದೆ. ಎಲೆ ಇಲ್ಲದ ಕೋಲಿನಲ್ಲೂ ಮತ್ತೆ ಹೂ ಬರುತ್ತದೆ.

ತಾರಸಿಯಾದರೆ ಶೇಕಡಾ 50ರ ಶೇಡ್ ನೆಟ್ ಕಟ್ಟಿ. ಮಾರ್ಚ್‌ನಲ್ಲಿ ಅದರ ಮೇಲೆ ಇನ್ನೊಂದು ಪದರ ಹಾಕಿ, ಮುಂಗಾರು ಮೋಡ ಬಂದಾಗ ತೆಗೆಯಿರಿ. ಶೇಡ್ ನೆಟ್ ಗಿಡದಿಂದ ಆರೇಳು ಅಡಿ ಮೇಲಿರಲಿ, ತಗ್ಗಿಗೆ ಕಟ್ಟಿದರೆ ಬಿಸಿ ಕೆಳಗೇ ಉಳಿಯುತ್ತದೆ. ಬಾಲ್ಕನಿಯಾದರೆ ಪೂರ್ವ ದಿಕ್ಕಿನದು ಒಳ್ಳೆಯದು, ಹತ್ತು ಗಂಟೆಯವರೆಗಿನ ಬಿಸಿಲು ನೇರ ಬೀಳಲಿ. ಎಲೆ ಕಡು ಹಸಿರಾಗಿ ಜೋತುಬಿದ್ದರೆ ಬೆಳಕು ಸಾಲದು, ಹೂ ಬರುವುದಿಲ್ಲ. ತಿಳಿ ಹಸಿರಾಗಿ ನೆಟ್ಟಗಿದ್ದರೆ ಸರಿ. ಬಿಳಿಚಿ ನಡುವೆ ಒಣ ಕಲೆ ಬಂದರೆ ಬಿಸಿಲು ಸುಟ್ಟಿದೆ. ಮುಟ್ಟಿ ನೋಡಿ, ಎಲೆ ಬಿಸಿ ಅನಿಸಿದರೆ ತಕ್ಷಣ ನೆರಳಿಗೆ ತನ್ನಿ.

ಒಣ ಗಾಳಿಗೆ ನಾನು ಮಾಡಿಕೊಂಡಿರುವುದು ಸರಳ. ಪಡುವಣ ಕಡೆ ಹಳೆಯ ಗೋಣಿಚೀಲಗಳನ್ನು ಪರದೆ ಥರ ಇಳಿಬಿಟ್ಟಿದ್ದೇನೆ. ಬೇಸಿಗೆಯಲ್ಲಿ ಹನ್ನೊಂದಕ್ಕೆ, ಎರಡಕ್ಕೆ ಅವನ್ನು ನೆನೆಸುತ್ತೇನೆ, ನೆಲಕ್ಕೂ ನೀರು ಚೆಲ್ಲುತ್ತೇನೆ. ಇದಕ್ಕೆ ಗಡಸು ನೀರು ಸಾಕು. ಗಿಡದ ಕೆಳಗೆ ಜಲ್ಲಿ ತುಂಬಿದ ತಟ್ಟೆಯಲ್ಲಿ ನೀರು ನಿಲ್ಲಿಸಬಹುದು, ಕುಂಡದ ತಳ ಮಾತ್ರ ನೀರಿಗೆ ತಾಗಬಾರದು. ಗಿಡಗಳನ್ನು ಒಟ್ಟಿಗೆ ಇಟ್ಟರೆ ಒಂದರ ತೇವ ಇನ್ನೊಂದಕ್ಕೆ ಸಿಗುತ್ತದೆ. ಗಡಸು ನೀರನ್ನು ಎಲೆಗೆ ಸಿಂಪಡಿಸಬೇಡಿ, ಬಿಳಿ ಕಲೆ ಕೂರುತ್ತದೆ.

ಗೊಬ್ಬರ

ಸಗಣಿ ಗೊಬ್ಬರ, ಹಿಂಡಿ ಬೇರಿನ ಮೇಲೆ ಹಾಕಬೇಡಿ. ಗಾಳಿಯಾಡುವ ಸಂದು ಮುಚ್ಚಿಹೋಗುತ್ತದೆ. ಗೊಬ್ಬರದಂಗಡಿಯಲ್ಲಿ ನೀರಿನಲ್ಲಿ ಕರಗುವ 19:19:19 (ಸಾರಜನಕ, ರಂಜಕ, ಪೊಟ್ಯಾಷ್ ಮೂರೂ ಸಮ ಇರುವ ಗೊಬ್ಬರ) ಸಿಗುತ್ತದೆ. ಹೊಸ ಕೋಲು ಬೆಳೆಯುವ ಕಾಲದಲ್ಲಿ, ಲೀಟರಿಗೆ ಅರ್ಧ ಗ್ರಾಂ, ವಾರಕ್ಕೊಮ್ಮೆ. ಮಳೆ ನೀರಲ್ಲಿ ಕಲಸುವುದಾದರೆ ಒಂದು ಗ್ರಾಂ ಹಾಕಬಹುದು. ಹಾಕುವ ಮೊದಲು ಬರೀ ನೀರಲ್ಲಿ ಬೇರು ನೆನೆದಿರಲಿ. ಕೋಲು ಪೂರ್ತಿ ಬೆಳೆದು ತುದಿಯ ಎಲೆ ಬಿಚ್ಚಿದ ಮೇಲೆ ಮೂರ್ನಾಲ್ಕು ವಾರ ರಂಜಕ ಜಾಸ್ತಿ ಇರುವ 13:40:13 ಕೊಡುತ್ತೇನೆ. ಚಳಿಗಾಲದಲ್ಲಿ ತಿಂಗಳಿಗೊಮ್ಮೆ ಸಾಕು.

ಹೂ

ಹೊಸ ಕೋಲು ಹಳೆಯದಕ್ಕಿಂತ ದಪ್ಪ, ಎತ್ತರ ಬಂತು ಅಂದರೆ ನಿಮ್ಮ ಆರೈಕೆ ಸರಿಯಾಗಿದೆ. ಕುಳ್ಳಗಾದರೆ ಬೇರು ನೋಡಿ, ತೊಂದರೆ ಅಲ್ಲೇ ಇರುತ್ತದೆ. ಬೆಳೆದ ಕೋಲಿನ ತುದಿಯಲ್ಲಿ ಹೂಕಡ್ಡಿ ಹೊರಡುತ್ತದೆ. ನಮ್ಮ ಮನೆಯಲ್ಲಿ ಗೌರಿ ಹಬ್ಬದಿಂದ ದೀಪಾವಳಿಯವರೆಗೆ ಜಾಸ್ತಿ. ಮೊಗ್ಗು ಬಂದ ಮೇಲೆ ಕುಂಡದ ಜಾಗ, ದಿಕ್ಕು ಬದಲಿಸಬೇಡಿ, ಮೊಗ್ಗು ಉದುರುತ್ತದೆ. ಬಿಸಿ ಗಾಳಿ ಬೀಸಿದರೂ, ಹತ್ತಿರದಲ್ಲಿ ಹಣ್ಣಿನ ಬುಟ್ಟಿ ಇದ್ದರೂ ಹೀಗಾಗುತ್ತದೆ. ಮಾಗುವ ಬಾಳೆಹಣ್ಣಿನಿಂದ ಬರುವ ಎಥಿಲೀನ್ ಅನಿಲ ಆರ್ಕಿಡ್ ಮೊಗ್ಗಿಗೆ ಆಗದು. ಅರಳಿದ ಹೂ ಗಿಡದಲ್ಲೇ ತಿಂಗಳು, ಒಂದೂವರೆ ತಿಂಗಳು ನಿಲ್ಲುತ್ತದೆ.

ರೋಗ, ಹುಳು

ಬೇಸಿಗೆಯಲ್ಲಿ ನುಸಿ, ಹಿಟ್ಟು ತಿಗಣೆ. ಮಳೆಗಾಲದಲ್ಲಿ ಬಸವನಹುಳು, ಕೊಳೆ. ತಿಗಣೆಯನ್ನು ಹಳೆಯ ಹಲ್ಲುಜ್ಜುವ ಬ್ರಷ್‌ನಲ್ಲಿ ಸಾಬೂನು ನೀರು ಹಚ್ಚಿ ಉಜ್ಜಿ ತೆಗೆಯಿರಿ. ಬೇವಿನ ಎಣ್ಣೆ ಲೀಟರಿಗೆ 3 ಮಿಲಿ, ನಾಲ್ಕು ಹನಿ ಸಾಬೂನು ದ್ರವ ಸೇರಿಸಿ ಬಿಸಿಲು ಇಳಿದ ಮೇಲೆ ಸಿಂಪಡಿಸಿ, ವಾರ ಬಿಟ್ಟು ಮತ್ತೊಮ್ಮೆ. ಬಸವನಹುಳು ಹಸಿರು ಬೇರಿನ ತುದಿಯನ್ನೇ ಹುಡುಕಿ ತಿನ್ನುತ್ತದೆ. ರಾತ್ರಿ ಟಾರ್ಚ್ ಹಿಡಿದು ಆರಿಸಿ. ಎಲೆಯಲ್ಲಿ ನೀರು ತುಂಬಿದಂಥ ಕಪ್ಪು ಮಚ್ಚೆ ಕಂಡು, ಕೆಟ್ಟ ವಾಸನೆ ಬಂದರೆ ಅದು ಬ್ಯಾಕ್ಟೀರಿಯಾ ಕೊಳೆ. ಕಾಯಬೇಡಿ. ಮಚ್ಚೆಯಿಂದ ಒಂದು ಇಂಚು ಕೆಳಗೆ ಕತ್ತರಿಸಿ, ಗಾಯಕ್ಕೆ ಚಕ್ಕೆ ಪುಡಿ ಹಚ್ಚಿ, ನೀರು ನಿಲ್ಲಿಸಿ. ಚಕ್ಕೆ ಪುಡಿ ಒಳ್ಳೆಯ ಬೇರಿಗೆ ತಾಗದಿರಲಿ, ಅದು ಒಣಗಿಸುತ್ತದೆ. ಒಂದು ಗಿಡಕ್ಕೆ ಬಳಸಿದ ಕತ್ತರಿಯನ್ನು ಗ್ಯಾಸ್ ಉರಿಯಲ್ಲಿ ಕಾಯಿಸಿಯೇ ಇನ್ನೊಂದಕ್ಕೆ ಬಳಸಬೇಕು. ಆರ್ಕಿಡ್‌ಗೆ ಬರುವ ವೈರಸ್‌ಗೆ ಔಷಧಿ ಇಲ್ಲ, ಅದು ಹರಡುವುದು ಕತ್ತರಿಯಿಂದಲೇ ಹೆಚ್ಚು.

ಮರಿ ಬಿಡಿಸುವುದು

ಹಳೆಯ ಕೋಲಿನ ಮೇಲ್ಗೆಣ್ಣಿನಲ್ಲಿ ಕೆಲವು ಸಲ ಎಲೆ, ಬೇರು ಸಮೇತ ಒಂದು ಪುಟ್ಟ ಗಿಡ ಹುಟ್ಟುತ್ತದೆ. ಅದೇ ಮರಿ. ಗಿಡವೊಂದಕ್ಕೆ ಒಂದೆರಡು ಮರಿಯಾದರೆ ಸಂತೋಷ. ಕೋಲು ಕೋಲಿಗೂ ಮರಿ ಬಂದು ಹೂವೇ ಬರದಿದ್ದರೆ ತಾಯಿಯ ಬೇರು ಕೆಟ್ಟಿರಬಹುದು, ಕುಂಡ ಬಿಚ್ಚಿ ನೋಡಿ.

ಮರಿಗೆ ಮೂರ್ನಾಲ್ಕು ಬೇರು ಬಂದು, ಎರಡು ಇಂಚು ಉದ್ದವಾಗುವವರೆಗೆ ಕಾಯಬೇಕು. ಕೋಲಿನ ತುಂಡಿನ ಸಮೇತ ಕತ್ತರಿಸಿದರೆ ಗಾಯ ಮರಿಗೆ ತಾಗುವುದಿಲ್ಲ. ಎರಡು ಇಂಚಿನ ತೂತಿನ ಕುಂಡದಲ್ಲಿ ಸಣ್ಣ ಇದ್ದಿಲು, ಸಣ್ಣ ಮಟ್ಟೆ ಚೂರು ಹಾಕಿ ನೆಡಿ. ಇದಕ್ಕೆ ಬರೀ ಮಳೆ ನೀರು ಮಾತ್ರ. ಎಳೆ ಬೇರು ಉಪ್ಪನ್ನು ಸ್ವಲ್ಪವೂ ತಡೆಯುವುದಿಲ್ಲ. ಒಂದೂವರೆಯಿಂದ ಎರಡು ವರ್ಷಕ್ಕೆ ಹೂವಿಗೆ ಬರುತ್ತದೆ.

ಕುಂಡದ ಹೊರಗೆ ನೆಟ್ಟ ತಿಂಗಳು, ವರ್ಷ ಮಾರ್ಕರ್ ಪೆನ್ನಲ್ಲಿ ಬರೆದಿಡಿ. ಎರಡು, ಎರಡೂವರೆ ವರ್ಷಕ್ಕೆ ಮಟ್ಟೆ ಮೆತ್ತಗಾಗಿ ಪುಡಿಯಾಗುತ್ತದೆ. ಒತ್ತಿದರೆ ಬೆರಳು ಒಳಗೆ ಹೋಯಿತು ಅಂದರೆ ಹೊಸ ಮಟ್ಟೆ ನೆನೆಹಾಕುವ ಸಮಯ ಬಂದಿದೆ.